‘ಆರಿಸು’ ಬೇಡ, ಮತ್ತೇನು? ದಾಳಿಂಬೆ ಕರಪತ್ರಕ್ಕೆ ಎರಡು ಪದ ಬೇಕಾಗಿವೆ

ಬಳಗಕ್ಕೆ ನಮಸ್ಕಾರ.

ಕುಷ್ಟಗಿ ಸೀಮೆಯ ದಾಳಿಂಬೆ ಬೆಳೆಗಾರರಿಗಾಗಿ ಒಂದು ಕರಪತ್ರ ತಿದ್ದುತ್ತಿದ್ದೇನೆ. ಹಣ್ಣು ಕಿತ್ತಾಗಿನಿಂದ ಕೋಲ್ಡ್ ಸ್ಟೋರೇಜಿಗೆ ಹೋಗುವ ತನಕದ ಕೆಲಸಗಳು ಅದರಲ್ಲಿವೆ. ಕರಡಿನಲ್ಲಿ ಹೀಗಿತ್ತು: ‘ಹಣ್ಣನ್ನು ಮೊದಲು ಆರಿಸಿ. ಬಳಿಕ ಚೆನ್ನಾಗಿ ಆರಿಸಿ.’ ಓದಿದ ರೈತರೊಬ್ಬರು ಕೇಳಿದರು, ‘ಗ್ರೇಡಿಂಗ್ ಎರಡೆರಡು ಸಲ ಯಾಕ್ ಮಾಡಬೇಕ್ರಿ?’

ನಿಘಂಟು ನೋಡಿದರೆ ಬರೆದವರದು ತಪ್ಪಲ್ಲ. ಆಯುವುದೂ (ಅದೇ ಗ್ರೇಡಿಂಗ್) ಆರಿಸುವುದೇ, ತಣಿಸುವುದೂ ಆರಿಸುವುದೇ; ಕರಡಿನ ಎರಡನೇ ‘ಆರಿಸಿ’ ತಣಿಸುವುದಕ್ಕೆ. ದೀಪ ಆರಿಸುವುದನ್ನು ಬಿಡಿ, ಅದು ಇಲ್ಲಿ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಒಣಗಿಸುವ ಅರ್ಥ. ಮಳೆ ಬಿಟ್ಟ ಮೇಲೆ ‘ಹೊಲ ಆರೈತಿ’ ಅನ್ನುವ ಊರಲ್ಲಿ ‘ಹಣ್ಣು ಆರಿಸಿ’ ಎಂದರೆ ಗಾಳಿಗೆ ಹರವಿಬಿಟ್ಟಾರು. ದಾಳಿಂಬೆ ಸಿಪ್ಪೆ ನೋಡಲಿಕ್ಕಷ್ಟೇ ಗಟ್ಟಿ. ಅದರ ಸಣ್ಣ ರಂಧ್ರಗಳಿಂದ ನೀರು ಸದ್ದಿಲ್ಲದೆ ಹೋಗುತ್ತಿರುತ್ತದೆ. ಒಳಗೆ ಕಾಳು ಇನ್ನೂ ರಸ ತುಂಬಿಕೊಂಡಿದ್ದರೂ ಹೊರಗೆ ಸಿಪ್ಪೆ ಬಿರುಸಾಗಿ, ಕಂದು ತಿರುಗಿ, ಹಣ್ಣಿಗೆ ಮೂಲೆಗಳು ಏಳುತ್ತವೆ. ತೂಕವೂ ಇಳಿಯುತ್ತದೆ, ಮಾರುವವನಿಗೆ ಅದು ನೇರ ನಷ್ಟ. ಸ್ಟೋರೇಜಿನ ಗಾಳಿಯಲ್ಲಿ ಶೇ 90–95 ತೇವ ಇರಬೇಕು ಅನ್ನುವುದು ಇದಕ್ಕೇ.

ನಾವು ಹೇಳಬೇಕಾದದ್ದು ಪ್ರಿ-ಕೂಲಿಂಗ್. ಹಣ್ಣು ಹೊಲದಿಂದ ಹೊತ್ತು ತಂದ ಬಿಸಿಯನ್ನು ಬೇಗ ತೆಗೆಯಬೇಕು, ತೇವ ಮಾತ್ರ ಹೋಗಗೊಡಬಾರದು. ಬಿಸಿ ಉಳಿದಷ್ಟೂ ಹಣ್ಣಿನ ಉಸಿರಾಟ ಜೋರು, ಬಾಳಿಕೆ ಕಡಿಮೆ. ‘ಪೂರ್ವಶೈತ್ಯೀಕರಣ’ ಎಂದು ಬರೆದರೆ ಪ್ಯಾಕಿಂಗ್ ಶೆಡ್ಡಿನಲ್ಲಿ ಯಾರೂ ಕ್ರೇಟು ಎತ್ತುವುದಿಲ್ಲ. ‘ತಂಪು ಮಾಡಿ’ ಸಲೀಸು, ಆದರೆ ಸ್ಟೋರೇಜು ಮಾಡುವುದೂ ಅದನ್ನೇ; ಇದು ಅದಕ್ಕಿಂತ ಮುಂಚಿನ ಬೇರೆ ಹಂತ ಎಂಬುದು ತಿಳಿಯುವುದಿಲ್ಲ. ನನಗೆ ಹಿಡಿಸಿದ್ದು ‘ಕಾವು ಇಳಿಸಿ’. ‘ಝಳ’ ಸರಿಹೊಂದಲಿಲ್ಲ: ಝಳ ಹೊರಗಿನಿಂದ ಮೈಗೆ ಬಡಿಯುವಂಥದ್ದು, ಕಾವು ಒಳಗೆ ಕೂತಿರುವಂಥದ್ದು. ಆಯುವ ಕೆಲಸಕ್ಕೆ ಗ್ರೇಡಿಂಗ್ ಎಂದೇ ಇರಲಿ. ‘ಹಸನು ಮಾಡು’ ಅಂದರೆ ಜೋಳದಲ್ಲಿ ಕಲ್ಲು ಹೆಕ್ಕುವುದೇ ನೆನಪಾಗುತ್ತದೆ.

ಎರಡನೆಯದು ಚಿಲ್ಲಿಂಗ್ ಇಂಜುರಿ, ಅಂದರೆ ಅತಿಯಾದ ತಂಪಿನಿಂದ ಹಣ್ಣಿಗಾಗುವ ಹಾನಿ. ದಾಳಿಂಬೆಯನ್ನು 5 ಡಿಗ್ರಿಗಿಂತ ಕೆಳಗೆ ವಾರಗಟ್ಟಲೆ ಇಟ್ಟರೆ ಸಿಪ್ಪೆಯಲ್ಲಿ ಕುಳಿ ಬೀಳುತ್ತದೆ, ಕಾಳುಗಳ ನಡುವಿನ ಬಿಳಿ ಪರದೆ ಕಂದಾಗುತ್ತದೆ, ಕಾಳಿನ ಬಣ್ಣ ಮಾಸುತ್ತದೆ. ಹಣ್ಣು ಹೆಪ್ಪುಗಟ್ಟಿರುವುದಿಲ್ಲ. ಒಳಗಿದ್ದಾಗ ಚೆನ್ನಾಗಿಯೇ ಕಂಡು, ಹೊರಗೆ ತೆಗೆದ ಮೇಲೆ ಬಣ್ಣ ಬಯಲಾಗುವುದೇ ಹೆಚ್ಚು. ‘ಶೀತಗಾಯ’ ಎಂದರೆ ಕತ್ತರಿಯೋ ಕ್ರೇಟಿನ ಅಂಚೋ ತಾಗಿದಂತೆ ಕೇಳುತ್ತದೆ. ‘ಶೀತಬಾಧೆ’ಗೆ ಮೂಗು ಸೋರುತ್ತದೆ! ಬಿಸಿಲು ಹೊಡೆದ ಹಣ್ಣು ಅನ್ನುವ ಮಾತು ಇದ್ದೇ ಇದೆಯಲ್ಲ, ಅದೇ ಜಾಡಿನಲ್ಲಿ ‘ಥಂಡಿ ಹೊಡೆದ ಹಣ್ಣು’ ಎಂದು ಬರೆದಿದ್ದೇನೆ.

ಕುಷ್ಟಗಿ ಇರುವ ಕೊಪ್ಪಳದ ಕಡೆ ಈ ಮಾತು ನಡೆಯುತ್ತದೆ. ಹಿರಿಯೂರು, ಹೊಸದುರ್ಗದ ತೋಟಗಳಲ್ಲಿ ‘ಥಂಡಿ’ ಅಂದರೆ ತಟ್ಟನೆ ಹೊಳೆಯುತ್ತದೆಯೋ, ‘ಚಳಿ ಹೊಡೆದ’ ಅನ್ನಬೇಕೋ? ಆ ಕಡೆಯವರು ಹೇಳಿ, ಕರಪತ್ರ ಅಲ್ಲಿಗೂ ಹೋಗಲಿದೆ.