ಬಾಯಿಲೆಕ್ಕವೋ, ಬಗೆಯೆಣಿಕೆಯೋ?

ಪ್ರಶ್ನೆ: ನಮ್ಮೂರಿನ ಗ್ರಂಥಾಲಯದಲ್ಲಿ ಭಾನುವಾರ ಮಕ್ಕಳಿಗೆ ಎರಡು ಸ್ಪರ್ಧೆಗಳಿವೆ. ಮೊದಲನೆಯದರಲ್ಲಿ ಏನನ್ನೂ ಬರೆದುಕೊಳ್ಳದೆ ಲೆಕ್ಕ ಮಾಡಿ, ಉತ್ತರವನ್ನಷ್ಟೇ ಸ್ಲೇಟಿನಲ್ಲಿ ತೋರಿಸಬೇಕು. ಎರಡನೆಯದು ಅಡ್ಡ, ಉದ್ದ, ಓರೆ ಹೇಗೆ ಕೂಡಿದರೂ ಮೊತ್ತ ಒಂದೇ ಬರುವ ಮಾಯಾಚೌಕದಂಥ ಒಗಟುಗಳದ್ದು. ಮೊದಲನೆಯದಕ್ಕೆ ‘ಮಾನಸಿಕ ಗಣಿತ’ ಎಂದು ಬರೆದಿದ್ದೆವು; ಓದಿದವರೆಲ್ಲ ಆಸ್ಪತ್ರೆಯ ನೆನಪಾಗುತ್ತದೆ ಎಂದರು. ‘ಬಾಯಿಲೆಕ್ಕ’ ಎನ್ನೋಣವೆಂದರೆ ಮಕ್ಕಳು ಬಾಯಿ ತೆರೆಯುವುದೇ ಇಲ್ಲ. ಎರಡನೆಯದು ಅಂಕಿಯ ಒಗಟೋ, ಸಂಖ್ಯೆಯ ಒಗಟೋ? ಸಂಜೆಯೊಳಗೆ ಫಲಕ ಮುದ್ರಣಕ್ಕೆ ಹೋಗಬೇಕು.

ಉತ್ತರ: ‘ಮನಗಣಿತ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಕನ್ನಡ, ಸಂಸ್ಕೃತ ಪದಗಳನ್ನು ಬೆಸೆದ ಅರಿಸಮಾಸ, ಬೇಡ. ‘ಲೆಕ್ಕ’ವೂ ನಮ್ಮದಲ್ಲ, ಸಂಸ್ಕೃತ ಮೂಲದ ತದ್ಭವ. ‘ಎಣಿಕೆ’ ಅಚ್ಚಗನ್ನಡ, ತಮಿಳಿನ ‘ಎಣ್’ ಅದರ ಒಡಹುಟ್ಟು. ‘ಬಗೆ’ ಎಂದರೆ ಮನಸ್ಸು; ‘ಬಗೆಯೆಣಿಕೆ’ ಎಂದು ಬರೆಯಿರಿ. ಇಂಥ ಫಲಕಗಳಲ್ಲಾದರೂ ಎರವಲನ್ನು ಬಿಡದಿದ್ದರೆ ಮತ್ತೆಲ್ಲಿ ಬಿಡುವುದು?

ಮತ್ತೊಂದು ಉತ್ತರ: ಬಗೆಯೆಣಿಕೆ ಸಲ್ಲದು. ಎಣಿಸುವುದು ಒಂದೊಂದಾಗಿ; ಕೂಡಿ, ಕಳೆದು, ಗುಣಿಸಿ, ಭಾಗಿಸುವುದನ್ನು ಜನ ಲೆಕ್ಕವೆಂದೇ ಕರೆಯುತ್ತಾರೆ. ಬಗೆಗೂ ಎಣಿಕೆಗೂ ಆಲೋಚನೆಯೆಂಬ ಅರ್ಥವಿರುವುದರಿಂದ ಫಲಕ ನೋಡಿದ ಮಗುವಿಗೆ ಅಲ್ಲಿ ಲೆಕ್ಕದ ಸುಳಿವೇ ಸಿಗದು. ಲೆಕ್ಕಿಸು, ಲೆಕ್ಕಾಚಾರ, ಲೆಕ್ಕಕ್ಕಿಲ್ಲ ಎಂದು ಇಷ್ಟು ಕವಲೊಡೆದ ಪದವನ್ನು ಹೊರಗಿನದೆಂದು ತಳ್ಳುವುದಾದರೆ, ಹನ್ನೆರಡನೆಯ ಶತಮಾನದಲ್ಲೇ ಕನ್ನಡದಲ್ಲಿ ಗಣಿತ ಬರೆದ ರಾಜಾದಿತ್ಯನ ‘ವ್ಯವಹಾರಗಣಿತ’ದ ಹೆಸರನ್ನೂ ನಾವು ತಿದ್ದಬೇಕಾಗುತ್ತದೆ.

ಬಾಯಿ ತೆರೆಯದಿದ್ದರೆ ಬಾಯಿಲೆಕ್ಕ ಹೇಗೆ ಎಂಬ ಸಂದೇಹಕ್ಕೆ ನನ್ನ ಅಜ್ಜಿಯನ್ನೇ ಸಾಕ್ಷಿಯಾಗಿ ಕರೆಯುತ್ತೇನೆ. ಸಂತೆಯಲ್ಲಿ ಕಿಲೋಗೆ 48 ರೂಪಾಯಿಯ ಹುರುಳಿಕಾಯಿಯನ್ನು ಮುಕ್ಕಾಲು ಕಿಲೋ ಕೊಂಡಾಗ ಆಕೆ ‘ಅರ್ಧಕ್ಕೆ ಇಪ್ಪತ್ನಾಲ್ಕು, ಕಾಲಿಗೆ ಹನ್ನೆರಡು’ ಎಂದು ಸದ್ದಿಲ್ಲದೆ ತುಟಿಯಾಡಿಸಿ, ಅಂಗಡಿಯವನು ಪೆನ್ನು ಹುಡುಕುವಷ್ಟರಲ್ಲಿ 36 ರೂಪಾಯಿ ಎಣಿಸಿ ಇಡುತ್ತಿದ್ದಳು. ಈ ಪದದಲ್ಲಿ ಬಾಯಿ ನಿಂತಿರುವುದು ಬರಹಕ್ಕೆ ಎದುರಾಗಿ, ಮೌನಕ್ಕೆ ಎದುರಾಗಿ ಅಲ್ಲ. ಸ್ಲೇಟಿನಲ್ಲಿ ಉತ್ತರ ಬರೆದ ಮಾತ್ರಕ್ಕೆ ಅದು ಬರೆದು ಮಾಡಿದ ಲೆಕ್ಕವಾಗುವುದಿಲ್ಲ.

ಅಂಕಿ, ಸಂಖ್ಯೆಗಳ ಭೇದವನ್ನು ಮಾತ್ರ ದಯವಿಟ್ಟು ಕೈಬಿಡಬೇಡಿ: ಅಂಕಿ ಬರೆಯುವ ಗುರುತು, ಸಂಖ್ಯೆ ಅದು ಸೂಚಿಸುವ ಬೆಲೆ. ಬೆಂಗಳೂರಿನ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 28 ಸೆಕೆಂಡುಗಳಲ್ಲಿ ಗುಣಿಸಿದ್ದು 13 ಅಂಕಿಗಳ ಎರಡು ಸಂಖ್ಯೆಗಳನ್ನು. ಆ ಎರಡು ಪದಗಳನ್ನು ಅದಲುಬದಲು ಮಾಡಿದರೆ ವಾಕ್ಯವೇ ಕೆಡುತ್ತದೆ. ಮಾಯಾಚೌಕದಲ್ಲಿ ಕೂಡಿ ಸರಿದೂಗಿಸುವುದು ಬೆಲೆಗಳನ್ನು, ಆದ್ದರಿಂದ ‘ಸಂಖ್ಯೆಯ ಒಗಟು’ ಎನ್ನಿ. ಹೀಗೆ ಬಿಡಿಸಿ ಬರೆದರೆ ಅರಿಸಮಾಸದ ತಕರಾರೂ ಏಳುವುದಿಲ್ಲ. ‘ಬಾಯಿಲೆಕ್ಕ’ವನ್ನು ನಡುವೆ ತೆರಪಿಲ್ಲದೆ ಒಂದೇ ಪದವಾಗಿ ಅಚ್ಚು ಹಾಕಿಸಿ, ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಉತ್ತರವನ್ನು ಮಾತ್ರ ಬರೆಯಿರಿ’ ಎಂದು ಸೇರಿಸಿ.