ಸಹಾಯ ಬೇಕು: ಬೋಸ್ಟನ್ ಅರ್ಹತೆಗೆ ಯಾವ ಮ್ಯಾರಥಾನ್ ಓಡಲಿ?

ನನಗೆ 42 ವರ್ಷ. ಬೋಸ್ಟನ್ ಮ್ಯಾರಥಾನ್‌ಗೆ ಅರ್ಜಿ ಹಾಕಲು ಮೊದಲು ಬೇರೆ ಮ್ಯಾರಥಾನ್ ಒಂದನ್ನು ನಿಗದಿತ ಸಮಯದೊಳಗೆ ಓಡಿರಬೇಕು; ನನ್ನ ವಯಸ್ಸಿನ ಗಂಡಸರಿಗೆ ಆ ಅರ್ಹತಾ ಸಮಯ 3 ಗಂಟೆ 5 ನಿಮಿಷ. ಆದರೆ ಅಷ್ಟು ಓಡಿದರೆ ಸಾಲದು ಅಲ್ವಾ? ಅರ್ಜಿಗಳು ಜಾಸ್ತಿ ಬಂದಿದ್ದರಿಂದ, 2026ರ ಓಟಕ್ಕೆ ಇನ್ನೂ 4 ನಿಮಿಷ 34 ಸೆಕೆಂಡ್ ವೇಗವಾಗಿ ಓಡಿದವರಿಗೆ ಮಾತ್ರ ಜಾಗ ಸಿಕ್ಕಿತು. ಹಾಗಾಗಿ ನಾನು 3 ಗಂಟೆಯೊಳಗೆ ಮುಗಿಸಬೇಕು ಅಂತ ಹೊರಟಿದ್ದೇನೆ. ಅಂದರೆ ಕಿಲೋಮೀಟರಿಗೆ 4:15.

ಕಳೆದ ಸಲ ಓಡಿದ್ದು 3:07. ಏರಿಳಿತದ ದಾರಿ. 34ನೇ ಕಿಲೋಮೀಟರಿನ ಏರಿನಲ್ಲಿ ಎಡ ಮೀನಖಂಡ ಕಲ್ಲಿನಂತೆ ಗಟ್ಟಿಯಾಯಿತು. ಕಂಬ ಹಿಡಿದು ನಿಂತೆ. ವಾಚು ಮಾತ್ರ ನಿಲ್ಲಲಿಲ್ಲ!

ಪೂರ್ತಿ ಇಳಿಜಾರಿನ ಓಟ ಹುಡುಕೋಣ ಅಂದರೆ ಅದಕ್ಕೂ ಈಗ ಕತ್ತರಿ ಬಿದ್ದಿದೆ. 2027ರ ಬೋಸ್ಟನ್‌ನಿಂದ, ಶುರುವಿನ ಜಾಗಕ್ಕಿಂತ ಮುಗಿಯುವ ಜಾಗ 1500 ಅಡಿಗಿಂತ ಕೆಳಗಿದ್ದರೆ ಸಮಯಕ್ಕೆ 5 ನಿಮಿಷ ಸೇರಿಸುತ್ತಾರೆ. 3000 ಅಡಿ ದಾಟಿದರೆ 10 ನಿಮಿಷ. ಅದೂ ಅಲ್ಲದೆ ಬರೀ ಇಳಿಜಾರಿನಲ್ಲಿ ತೊಡೆಗಳು ಸುಮ್ನೆ ಬಿಡುವುದಿಲ್ಲ.

ಉಳಿದದ್ದು ಬರ್ಲಿನ್, ಷಿಕಾಗೊ, ಸ್ಪೇನಿನ ವೆಲೆನ್ಸಿಯಾ. ಮೂರೂ ಸಮತಟ್ಟು. ಬರ್ಲಿನ್ ಸೆಪ್ಟೆಂಬರಿನಲ್ಲಿ, ಸೆಕೆ ಬಂದರೆ ಕಷ್ಟ. ಷಿಕಾಗೊದ ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಏನೇನೋ ತೋರಿಸುತ್ತದಂತೆ. ನನ್ನ ಮನಸ್ಸು ವೆಲೆನ್ಸಿಯಾ ಕಡೆ ವಾಲಿದೆ, ಡಿಸೆಂಬರಿನ ತಂಪು ನೋಡಿ.

ಓಡಿದವರು ಹೇಳಿ: 3 ಗಂಟೆಯಲ್ಲಿ ಮುಗಿಸಲು ಹೊರಟವರ ಗುಂಪಿನಲ್ಲಿ ನೂಕುನುಗ್ಗಲು ಹೇಗಿರುತ್ತದೆ? ನೀರಿನ ಮೇಜಿನ ಹತ್ತಿರ ವೇಗ ಕಳೆದುಕೊಳ್ಳುತ್ತೀವಾ? ಕೊನೆಯ 8 ಕಿಲೋಮೀಟರಿನಲ್ಲಿ ಎದುರುಗಾಳಿ ಇರುತ್ತದಾ?