ಟುಟಾಂಖಾಮುನ್ ಕೊಲೆಯಾದನಾ? ಮನೆ ಗುಂಪಿನಲ್ಲಿ ನಡೆದ ವಾದ

ಮೋಹನ ಚಿಕ್ಕಪ್ಪ: (ಫಾರ್ವರ್ಡ್ ಆದದ್ದು) ಪ್ರಾಚೀನ ಈಜಿಪ್ಟಿನ ಹುಡುಗ ದೊರೆ ಟುಟಾಂಖಾಮುನ್ ಕೊಲೆ ಸಾಬೀತು! ತಲೆಗೆ ಹಿಂದಿನಿಂದ ಹೊಡೆದವನು ಮುದಿ ಮಂತ್ರಿ ಆಯ್. ಎಕ್ಸ್‌ರೇಯಲ್ಲೇ ಪುರಾವೆ ಇದೆ. ಎಲ್ಲರಿಗೂ ಕಳಿಸಿ.

ಸುಮಾ: ಚಿಕ್ಕಪ್ಪಾ, ಇದು ಹಳೇ ಕಥೆ. ಆ ಎಕ್ಸ್‌ರೇ 1968ರದ್ದು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಹ್ಯಾರಿಸನ್ ತಂಡ ತೆಗೆದದ್ದು. ಬುರುಡೆಯೊಳಗೆ ಮೂಳೆಯ ಚೂರು ಕಂಡಿತು, ಅಲ್ಲಿಂದ ಕೊಲೆಯ ಮಾತು ಹಬ್ಬಿತು. ಆಮೇಲೆ 2005ರಲ್ಲಿ ಸಿಟಿ ಸ್ಕ್ಯಾನ್ ಆಯಿತು. ಮೆಸೇಜ್‌ನಲ್ಲಿ ಅದರ ಮಾತೇ ಇಲ್ಲ.

ಮೋಹನ ಚಿಕ್ಕಪ್ಪ: ಚೂರು ಇರುವುದು ನಿಜ ತಾನೇ ಪುಟ್ಟಿ? ಏಟು ಬೀಳದೆ ಮೂಳೆ ಸುಮ್ನೆ ಒಡೆಯುತ್ತಾ?

ಸುಮಾ: ಚೂರು ಇದೆ. ಒಂದಲ್ಲ, ಎರಡು. ನಾನು ಕೆಲಸದಲ್ಲಿ ದಿನಾ ಸ್ಕ್ಯಾನ್ ನೋಡುವವಳು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಶವ ಕೆಡದಂತೆ ಇಡಲು ಬುರುಡೆಯೊಳಗೆ ರಾಳ ಸುರಿಯುತ್ತಿದ್ದರು. ಅದು ಗಟ್ಟಿಯಾಗಿ ಅಲ್ಲೇ ಉಳಿದಿದೆ. ಬದುಕಿದ್ದಾಗಲೇ ಮೂಳೆ ಒಡೆದಿದ್ದರೆ ಚೂರುಗಳು ರಾಳದಲ್ಲಿ ಅಂಟಿಕೊಂಡಿರಬೇಕಿತ್ತು. ಅವು ಬಿಡಿಯಾಗಿವೆ. ಅಂದರೆ ಸತ್ತ ಮೇಲೆ ಒಡೆದದ್ದು. ಅವನ ಗೋರಿಯನ್ನು ಪತ್ತೆ ಹಚ್ಚಿದ ಕಾರ್ಟರ್ ತಂಡದವರು 1925ರಲ್ಲಿ ಆ ದೇಹವನ್ನು ಹೇಗೆ ಬಿಡಿಸಿದರು ಗೊತ್ತಾ? ಅದು ಶವಪೆಟ್ಟಿಗೆಗೆ ಅಂಟಿಹೋಗಿತ್ತು. ಚಿನ್ನದ ಮುಖವಾಡ ಕೀಳಲು ಕಾಯಿಸಿದ ಚಾಕು ಬಳಸಿದರು. ತಲೆ ಬೇರೆ, ಕೈಕಾಲು ಬೇರೆ ಮಾಡಿಬಿಟ್ಟರು. ಹತ್ತೊಂಬತ್ತರ ಹುಡುಗ ಅವನು! ನನಗೆ ಸಂಕಟ ಆಗುವುದು ಅಲ್ಲಿ.

ರಾಜಿ ದೊಡ್ಡಮ್ಮ: ಮತ್ತೆ ಸತ್ತದ್ದು ಹೇಗಮ್ಮಾ?

ಸುಮಾ: ಎಡ ತೊಡೆಯ ಮೂಳೆ ಮಂಡಿಯ ಹತ್ತಿರ ಮುರಿದಿದೆ ದೊಡ್ಡಮ್ಮಾ. ಅದು ಕೂಡಿಕೊಂಡ ಗುರುತಿಲ್ಲ. ಸಾಯುವ ಕೆಲವೇ ದಿನ ಮುಂಚೆ ಆದದ್ದು ಎಂದು ಸ್ಕ್ಯಾನ್ ತಂಡದ ಹಲವರು ಹೇಳಿದರು, ಕೆಲವರು ಒಪ್ಪಲಿಲ್ಲ. 2010ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಮಲೇರಿಯಾ ಸಿಕ್ಕಿತು, ಫಾಲ್ಸಿಪ್ಯಾರಂ, ಜೀವ ತೆಗೆಯುವ ಜಾತಿ. ಎಡ ಪಾದದ ಮೂಳೆಯೂ ಸವೆದಿತ್ತು. ಗೋರಿಯಲ್ಲಿ 130ರಷ್ಟು ಕೋಲುಗಳು ಸಿಕ್ಕಿವೆ.

ಮೋಹನ ಚಿಕ್ಕಪ್ಪ: ಕೋಲು ಅಧಿಕಾರದ ಗುರುತೂ ಆಗಿತ್ತು. ಕುಂಟ ಅನ್ನಲು ಅದು ಸಾಲದು.

ಸುಮಾ: ಅದು ಸರಿ. ಆದರೆ ಕೆಲವು ಕೋಲುಗಳ ತುದಿ ಊರಿ ಊರಿ ಸವೆದಿವೆ.

ಮೋಹನ ಚಿಕ್ಕಪ್ಪ: ಇರಲಿ, ಮೂಳೆ ಬಿಡು. ಲಾಭ ಯಾರಿಗಾಯಿತು ನೋಡು. ಗೋರಿಯ ಗೋಡೆಯ ಮೇಲೆ ಚಿರತೆ ಚರ್ಮ ಹೊದ್ದು ಹುಡುಗನ ಅಂತ್ಯಕ್ರಿಯೆ ಮಾಡುತ್ತಿರುವವನು ಆಯ್. ಕ್ರಿಯೆ ಮಾಡಿದವನೇ ವಾರಸುದಾರ. ಅದೇ ಹೊತ್ತಿಗೆ ಈಜಿಪ್ಟಿನ ವಿಧವೆ ರಾಣಿಯೊಬ್ಬಳು ಹಿಟ್ಟೈಟ್ (ಈಗಿನ ಟರ್ಕಿ ಕಡೆಯ ರಾಜ್ಯ) ದೊರೆಗೆ ಪತ್ರ ಬರೆದಳು. ಗಂಡ ಸತ್ತ, ಮಗನಿಲ್ಲ, ನಿಮ್ಮ ಒಬ್ಬ ಮಗನನ್ನು ಕಳಿಸಿ, ನನ್ನ ಸೇವಕನನ್ನು ಮದುವೆಯಾಗಲಾರೆ ಅಂತ. ಆ ರಾಜಕುಮಾರ ಜನ್ನಾಂಜ ದಾರಿಯಲ್ಲೇ ಸತ್ತ. ಇದಕ್ಕೇನು ಹೇಳುತ್ತೀ?

ಸುಮಾ: ಆ ಪತ್ರ ನೆನೆದರೆ ನನಗೂ ಎದೆ ಝಲ್ಲೆನ್ನುತ್ತದೆ ಚಿಕ್ಕಪ್ಪಾ. ಅವಳು ಹೆದರಿದ್ದಳು, ಅದರಲ್ಲಿ ಸಂಶಯವಿಲ್ಲ. ಅದನ್ನು ಬರೆದವಳು ಟುಟಾಂಖಾಮುನ್‌ನ ಹೆಂಡತಿ ಅಂಖೆಸೆನಾಮುನ್ ಅಂತಲೇ ಜಾಸ್ತಿ ಜನ ನಂಬುತ್ತಾರೆ. ಅಷ್ಟಾದರೂ ಅದು ಸಿಂಹಾಸನದ ಜಗಳಕ್ಕೆ ಸಾಕ್ಷಿ, ಗಂಡನ ಕೊಲೆಗಲ್ಲ. ಆಯ್‌ಗೆ ಆಸೆ ಇತ್ತು ಅನ್ನಿ, ಒಪ್ಪುತ್ತೇನೆ. ಹೊಡೆದ ಅನ್ನಬೇಡಿ. ಆ ಬುರುಡೆಯಲ್ಲಿ ಏಟಿನ ಗುರುತೇ ಇಲ್ಲ.

ಮೋಹನ ಚಿಕ್ಕಪ್ಪ: ವಿಷ ಹಾಕಿರಬಹುದು!

ಸುಮಾ: ಹಾಕಿರಬಹುದು. ಆದರೆ ನೀವು ಕಳಿಸಿದ್ದು "ಸಾಬೀತು" ಅಂತ.

ಮೋಹನ ಚಿಕ್ಕಪ್ಪ: ಸರಿ, ಆ ಮೆಸೇಜ್ ಅಳಿಸುತ್ತೇನೆ. ಆಯ್ ಮೇಲಿನ ಅನುಮಾನ ಮಾತ್ರ ಬಿಡುವುದಿಲ್ಲ.

ರಾಜಿ ದೊಡ್ಡಮ್ಮ: ಅಮ್ಮ ಪಕ್ಕದಲ್ಲೇ ಕೂತು ಎಲ್ಲಾ ಓದಿಸಿಕೊಂಡರು. ಆ ರಾಣಿ ಹುಡುಗಿಗೆ ಮಕ್ಕಳಿರಲಿಲ್ಲವಾ ಅಂತ ಕೇಳುತ್ತಿದ್ದಾರೆ.

ಸುಮಾ: ಅವನ ಗೋರಿಯಲ್ಲೇ ಎರಡು ಪುಟ್ಟ ಪೆಟ್ಟಿಗೆ ಸಿಕ್ಕಿವೆ ಅಜ್ಜಿ. ಎರಡು ಹೆಣ್ಣು ಕೂಸುಗಳು, ದಿನ ತುಂಬುವ ಮುಂಚೆ ಹೋದವು. ಅವಳವೇ ಇರಬೇಕು.

ರಾಜಿ ದೊಡ್ಡಮ್ಮ: ಆಮೇಲೆ ಅವಳು ಏನಾದಳು ಅಂತೆ?

ಸುಮಾ: ಆಯ್ ಹೆಸರಿನ ಪಕ್ಕ ಅವಳ ಹೆಸರು ಕೆತ್ತಿದ ಒಂದು ಉಂಗುರ ಸಿಕ್ಕಿದೆ, ಅವನನ್ನೇ ಮದುವೆಯಾದಳೇನೋ. ಆದರೆ ಆಯ್ ಗೋರಿಯ ಗೋಡೆಯ ಮೇಲೆ ರಾಣಿಯಾಗಿ ಇರುವುದು ಅವನ ಹಳೇ ಹೆಂಡತಿ ತೇ. ಇವಳ ಚಿತ್ರ ಅಲ್ಲಿಲ್ಲ.